ಪುರುಷರಲ್ಲಿ ಬಂಜೆತನ: ಕಾರಣ, ಪರೀಕ್ಷೆ ಮತ್ತು ಚಿಕಿತ್ಸೆ



ಬಿತ್ತಿದ ಹೊಲದಲ್ಲಿ ಪೈರು ಸರಿಯಾಗಿ ಹುಟ್ಟದಿದ್ದರೆ ನೀವು ಭೂಮಿಯೊಂದನ್ನೇ ದೂರುವುದಿಲ್ಲ. ಬೀಜ ಹಳೆಯದೇ, ಮೊಳಕೆ ಶಕ್ತಿ ಎಷ್ಟಿತ್ತು, ಹದ ಸರಿಯಾಗಿತ್ತೇ, ಆಳವಾಗಿ ಬಿತ್ತಿದೆವೇ ಎಂದು ಒಂದೊಂದಾಗಿ ವಿಚಾರಿಸುತ್ತೀರಿ. ಊರಿನ ಹಲವು ಹಸುಗಳು ಗಬ್ಬ ನಿಲ್ಲದಿದ್ದರೆ ಬೀಜದ ಹೋರಿಯ ಮೇಲೆ ಅನುಮಾನ ಪಡುತ್ತೀರಿ. ಕೃತಕ ಗರ್ಭಧಾರಣೆಗೆ ಬಳಸುವ ಹೋರಿಯ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ಕಳುಹಿಸುತ್ತಾರೆಂಬುದೂ ನಿಮಗೆ ಗೊತ್ತು. ಆದರೆ ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗದಿದ್ದರೆ ಮಾತ್ರ ಮನೆಯವರೆಲ್ಲರ ಬೆರಳು ಸೊಸೆಯ ಕಡೆಗೇ ತಿರುಗುತ್ತದೆ. ನಮ್ಮ ಭಾಷೆಯಲ್ಲಿ 'ಬಂಜೆ' ಎಂಬ ಮಾತು ಹೆಣ್ಣಿಗೆ ಮಾತ್ರ ಇದೆ. ಗಂಡಿಗೆ ಅಂತಹ ಮಾತೇ ಇಲ್ಲದಿರುವುದರಿಂದ ಗಂಡಿನಲ್ಲಿ ಆ ದೋಷವೇ ಇರದು ಎಂದು ನಾವು ನಂಬಿಬಿಟ್ಟಂತಿದೆ.

ವಿಜ್ಞಾನ ಹೇಳುವುದು ಬೇರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಕೆಲವರಲ್ಲಿ ಅದೊಂದೇ ಕಾರಣ. ಇನ್ನು ಕೆಲವರಲ್ಲಿ ಗಂಡ ಹೆಂಡತಿ ಇಬ್ಬರಲ್ಲಿಯೂ ಅಲ್ಪಸ್ವಲ್ಪ ಕೊರತೆ ಸೇರಿ ಗರ್ಭ ನಿಲ್ಲದೆ ಹೋಗುತ್ತದೆ.

ಲೇಖಕನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ. ಆದರೂ ಈ ವಿಷಯವನ್ನು ರೈತರ ಮುಂದಿಡಲು ಕಾರಣವಿದೆ. ಗಂಡಸರ ಸಂತಾನ ಶಕ್ತಿಯನ್ನು ಹಾಳುಮಾಡಿದ ವಸ್ತುಗಳ ಪೈಕಿ ಅತ್ಯಂತ ಖಚಿತವಾಗಿ ರುಜುವಾತಾದ ಒಂದು ವಸ್ತು ಬೇಸಾಯದ ವಿಷವೇ ಆಗಿತ್ತು. ಅದರ ವಿವರವನ್ನು ಮುಂದೆ ಕೊಡಲಾಗಿದೆ.

ಬಂಜೆತನ ಎಂದರೇನು?

ಗಂಡ ಹೆಂಡತಿ ಯಾವುದೇ ಗರ್ಭನಿರೋಧಕ ಕ್ರಮ ಅನುಸರಿಸದೆ, 12 ತಿಂಗಳು ಕ್ರಮವಾಗಿ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನ ಎನ್ನುತ್ತಾರೆ. ಹೆಂಡತಿಯ ವಯಸ್ಸು 35 ದಾಟಿದ್ದರೆ 6 ತಿಂಗಳು ಕಾದು ನೋಡಿದರೆ ಸಾಕು. ಆ ಬಳಿಕ ವೈದ್ಯರನ್ನು ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆ. ಆದ್ದರಿಂದ ಇದು ಅಪರೂಪವೂ ಅಲ್ಲ, ಅವಮಾನವೂ ಅಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಬಂಜೆತನ ಬೇರೆ, ಷಂಡತನ ಬೇರೆ. ಕೂಡುವ ಶಕ್ತಿ ಇಲ್ಲದಿರುವುದು ಷಂಡತನ. ಕೂಡುವ ಶಕ್ತಿ ಚೆನ್ನಾಗಿದ್ದು, ವೀರ್ಯವೂ ಬರುತ್ತಿದ್ದು, ಅದರಲ್ಲಿ ವೀರ್ಯಾಣುಗಳು ಸಾಕಷ್ಟು ಇಲ್ಲದಿರುವುದು ಬಂಜೆತನ. ನೂರು ಕಿಲೋ ಮೂಟೆ ಹೊರುವ, ಮೀಸೆ ಹುರಿಮಾಡುವ ಗಟ್ಟಿ ಆಳಿನಲ್ಲಿಯೂ ವೀರ್ಯಾಣು ಇಲ್ಲದಿರಬಹುದು. ನೋಟದಿಂದಾಗಲಿ, ವೀರ್ಯದ ಬಣ್ಣ ಅಥವಾ ಪ್ರಮಾಣದಿಂದಾಗಲಿ ಇದನ್ನು ಗುರುತಿಸಲು ಸಾಧ್ಯವಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಗಂಡಸರು ಪರೀಕ್ಷೆಗೆ ಹಿಂಜರಿಯುತ್ತಾರೆ.

ವೀರ್ಯಾಣು ತಯಾರಾಗುವ ಬಗೆ

ವೀರ್ಯಾಣುಗಳು ವೃಷಣಗಳಲ್ಲಿ ಹುಟ್ಟುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಕಳುಹಿಸುವ ಎರಡು ರಸದೂತಗಳು, ಅಂದರೆ ಹಾರ್ಮೋನುಗಳು, ಈ ಕೆಲಸವನ್ನು ನಡೆಸುತ್ತವೆ. ಇವುಗಳಲ್ಲಿ ಎಫ್.ಎಸ್.ಎಚ್. ಎಂಬುದು ವೀರ್ಯಾಣು ತಯಾರಿಕೆಗೆ ನೆರವಾದರೆ, ಎಲ್.ಎಚ್. ಎಂಬುದು ವೃಷಣದಲ್ಲಿ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನು ತಯಾರಾಗುವಂತೆ ಮಾಡುತ್ತದೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆಮೇಲೆ ಅದು ವೃಷಣದ ಮೇಲಿರುವ ಸುರುಳಿ ನಾಳದಲ್ಲಿ ಕೆಲವು ದಿನ ಬಲಿತು, ವೀರ್ಯನಾಳದ ಮೂಲಕ ಹೊರಬರುತ್ತದೆ. ಹೆಚ್ಚುಕಡಿಮೆ ಒಂದು ರಾಗಿ ಬೆಳೆಯ ಅವಧಿ ಎನ್ನಬಹುದು. ಇಂದು ಕಾಣುವ ವೀರ್ಯ ಮೂರು ತಿಂಗಳ ಹಿಂದಿನ ಬಿತ್ತನೆಯ ಫಲ. ಮೂರು ತಿಂಗಳ ಹಿಂದೆ ಬಂದ ಜ್ವರದ ಪರಿಣಾಮ ಇಂದು ಕಾಣಬಹುದು. ಇಂದು ಆರಂಭಿಸಿದ ಚಿಕಿತ್ಸೆಯ ಫಲ ಮೂರು ತಿಂಗಳ ನಂತರವೇ ತಿಳಿಯುತ್ತದೆ.

ವೀರ್ಯಾಣು ಹುಟ್ಟಲು ದೇಹದ ಶಾಖಕ್ಕಿಂತ 2 ರಿಂದ 3 ಡಿಗ್ರಿ ಸೆಲ್ಸಿಯಸ್ ಕಡಿಮೆ ಶಾಖ ಬೇಕು. ವೃಷಣಗಳು ದೇಹದ ಹೊರಗೆ ಚೀಲದಲ್ಲಿ ತೂಗಾಡುತ್ತಿರುವುದು ಇದಕ್ಕಾಗಿಯೇ.

ಮುಖ್ಯ ಕಾರಣಗಳು

1. ವೆರಿಕೋಸೀಲ್: ವೃಷಣದ ಸುತ್ತಲಿನ ರಕ್ತನಾಳಗಳು ಉಬ್ಬಿ, ಹುಳುಗಳ ಗಂಟಿನಂತೆ ಕೈಗೆ ಸಿಗುತ್ತವೆ. ಸಾಮಾನ್ಯವಾಗಿ ಎಡಗಡೆಯಲ್ಲಿ ಇದು ಹೆಚ್ಚು. ಗಂಡಸರಲ್ಲಿ ಶೇಕಡಾ 15ರಷ್ಟು ಮಂದಿಗೆ ಇದು ಇರುತ್ತದೆ. ಬಂಜೆತನಕ್ಕೆ ಪರೀಕ್ಷೆಗೆ ಬರುವವರಲ್ಲಿ ಶೇಕಡಾ 35 ರಿಂದ 40ರಷ್ಟು ಮಂದಿಯಲ್ಲಿ ಕಾಣುತ್ತದೆ. ವೆರಿಕೋಸೀಲ್ ಇದ್ದವರಿಗೆಲ್ಲ ಬಂಜೆತನ ಬರುವುದಿಲ್ಲ, ಆದರೆ ಸರಿಪಡಿಸಬಹುದಾದ ಕಾರಣಗಳಲ್ಲಿ ಇದೇ ಮುಖ್ಯವಾದುದು.

2. ಇಳಿಯದ ವೃಷಣ: ಕೆಲವು ಗಂಡು ಮಕ್ಕಳಲ್ಲಿ ಹುಟ್ಟುವಾಗ ವೃಷಣ ಹೊಟ್ಟೆಯೊಳಗೋ ತೊಡೆಸಂದಿಯಲ್ಲೋ ಉಳಿದಿರುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ, ಒಂದೂವರೆ ವರ್ಷದೊಳಗೆ ಸರಿಪಡಿಸಬೇಕು. ಮಗುವನ್ನು ಎರೆಯುವಾಗ ತಾಯಂದಿರೂ ಅಜ್ಜಿಯರೂ ಇದನ್ನು ಗಮನಿಸಬಲ್ಲರು.

3. ಸೋಂಕು: ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದರೆ ಕೆಲವರಲ್ಲಿ ವೃಷಣಕ್ಕೂ ಉರಿಯೂತ ತಗಲುತ್ತದೆ. ಮೇಹರೋಗ ಹಾಗೂ ಕ್ಷಯದಿಂದ ವೀರ್ಯನಾಳ ಕಟ್ಟಿಕೊಳ್ಳಬಹುದು.

4. ನಾಳ ಇಲ್ಲದಿರುವುದು ಅಥವಾ ಮುಚ್ಚಿರುವುದು: ಹುಟ್ಟಿನಿಂದಲೇ ವೀರ್ಯನಾಳ ಇಲ್ಲದವರಿದ್ದಾರೆ. ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರಲ್ಲಿ ನಾಳವನ್ನು ಬೇಕೆಂದೇ ಕಟ್ಟಿರುತ್ತಾರೆ.

5. ಹಾರ್ಮೋನಿನ ಕೊರತೆ ಮತ್ತು ವಂಶವಾಹಿ ದೋಷ: ಪಿಟ್ಯುಟರಿ ಸರಿಯಾಗಿ ಕೆಲಸ ಮಾಡದಿದ್ದರೆ ವೃಷಣವೂ ಕೆಲಸ ಮಾಡದು. ಕೆಲವರಲ್ಲಿ ಒಂದು ಹೆಚ್ಚಿನ ಎಕ್ಸ್ ವರ್ಣತಂತು ಇರುವುದೂ, ವೈ ವರ್ಣತಂತುವಿನ ತುಣುಕು ಇಲ್ಲದಿರುವುದೂ ಉಂಟು.

6. ಔಷಧಿಗಳು ಮತ್ತು ಚಟಗಳು: ಮೈ ಬೆಳೆಸಲೆಂದು ವ್ಯಾಯಾಮಶಾಲೆಗಳಲ್ಲಿ ಕೆಲವರು ತೆಗೆದುಕೊಳ್ಳುವ ಟೆಸ್ಟೊಸ್ಟಿರಾನ್ ಹಾಗೂ ಸ್ಟಿರಾಯ್ಡ್ ಚುಚ್ಚುಮದ್ದು ಪಿಟ್ಯುಟರಿಯನ್ನು ಸುಮ್ಮನಾಗಿಸಿ ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸುತ್ತದೆ. 'ಗಂಡಸುತನದ ಇಂಜೆಕ್ಷನ್' ಗಂಡಸನ್ನು ಬಂಜೆ ಮಾಡುತ್ತದೆ ಎಂಬುದನ್ನು ನಿಮ್ಮ ಮನೆಯ ಹುಡುಗರಿಗೆ ತಿಳಿಸಿ. ಬೀಡಿ, ಸಿಗರೇಟು, ಹೊಗೆಸೊಪ್ಪು, ಅತಿಯಾದ ಹೆಂಡ, ಬೊಜ್ಜು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇವೂ ಕೆಡುಕನ್ನುಂಟುಮಾಡುತ್ತವೆ.

7. ಕಾವು: ಆಲೆಮನೆಯ ಒಲೆ, ತಂಬಾಕು ಹದ ಮಾಡುವ ಬ್ಯಾರನ್ನು, ಇಟ್ಟಿಗೆ ಗೂಡು ಮುಂತಾದೆಡೆ ದಿನಗಟ್ಟಲೆ ಬೆಂಕಿಯ ಮುಂದೆ ನಿಲ್ಲುವವರಲ್ಲಿ ವೀರ್ಯಾಣು ಕಡಿಮೆಯಾಗಬಹುದು. ಆಗಾಗ ನೆರಳಿಗೆ ಸರಿಯುವುದು, ಸಡಿಲವಾದ ಹತ್ತಿ ಬಟ್ಟೆ ಉಡುವುದು ಲೇಸು.

ಎಷ್ಟು ಪರೀಕ್ಷಿಸಿದರೂ ಕಾರಣ ಸಿಗದ ಪ್ರಕರಣಗಳೂ ಸಾಕಷ್ಟಿವೆ.

ಒಂದು ಬೇಸಾಯದ ವಿಷದ ಕಥೆ

ಡಿ.ಬಿ.ಸಿ.ಪಿ. ಎಂಬುದು ಬೇರುಗಂಟು ಜಂತುಹುಳುಗಳನ್ನು ಕೊಲ್ಲಲು ಮಣ್ಣಿಗೆ ಹಾಕುತ್ತಿದ್ದ ವಿಷ. ಮಣ್ಣಿನಲ್ಲಿ ಆವಿಯಾಗಿ ಹರಡಿ ಹುಳುಗಳನ್ನು ನಾಶಮಾಡುತ್ತಿತ್ತು. 1950ರ ದಶಕದ ನಡುವಿನಿಂದ ಬಾಳೆ, ಅನಾನಸು, ದ್ರಾಕ್ಷಿ, ಹತ್ತಿ ಮುಂತಾದ ಬೆಳೆಗಳಿಗೆ ಅಮೆರಿಕದಲ್ಲಿಯೂ ಇತರ ದೇಶಗಳಲ್ಲಿಯೂ ಇದನ್ನು ಧಾರಾಳವಾಗಿ ಬಳಸಿದರು. ನೆಮಗಾನ್ ಎಂಬ ಹೆಸರಿನಲ್ಲಿ ನಮ್ಮ ದೇಶದ ಕೃಷಿಕರಿಗೂ ಇದು ಪರಿಚಿತವಾಗಿತ್ತು.

1961ರಲ್ಲಿಯೇ ಪ್ರಯೋಗಶಾಲೆಯ ಇಲಿ, ಗಿನಿಯಿಲಿ, ಮೊಲಗಳ ಮೇಲೆ ನಡೆದ ಪ್ರಯೋಗದಲ್ಲಿ ಇದರ ಆವಿ ತಗಲಿದ ಪ್ರಾಣಿಗಳ ವೃಷಣಗಳು ಸೊರಗಿಹೋದದ್ದು ಪ್ರಕಟವಾಗಿತ್ತು. ಆದರೂ ಮಾರಾಟ ನಡೆಯುತ್ತಲೇ ಇತ್ತು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಥ್ರಾಪ್ ಎಂಬ ಊರಿನಲ್ಲಿ, ಈ ವಿಷವನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕಾರ್ಮಿಕರು ಒಂದು ಸಂಗತಿಯನ್ನು ಗಮನಿಸಿದರು. ಆ ವಿಭಾಗದಲ್ಲಿ ದುಡಿಯುವವರ ಮನೆಗಳಲ್ಲಿ ಮಕ್ಕಳು ಹುಟ್ಟುವುದೇ ನಿಂತುಹೋಗಿತ್ತು. ಅವರು ತಾವಾಗಿಯೇ ವೀರ್ಯ ಪರೀಕ್ಷೆಗೆ ಮುಂದಾದರು. ಹಲವರಲ್ಲಿ ವೀರ್ಯಾಣು ಒಂದೂ ಇರಲಿಲ್ಲ. ಮತ್ತೆ ಹಲವರಲ್ಲಿ ತೀರ ಕಡಿಮೆಯಿತ್ತು. ಹೆಚ್ಚು ವರ್ಷ ದುಡಿದವರಲ್ಲಿ ಹಾನಿಯೂ ಹೆಚ್ಚು.

ಗಮನಿಸಬೇಕಾದ ಅಂಶವೆಂದರೆ ಇವರಿಗೆ ಬೇರೆ ಯಾವ ಕಾಯಿಲೆಯೂ ಕಾಣಿಸಿರಲಿಲ್ಲ. ದಾಂಪತ್ಯ ಎಂದಿನಂತೆಯೇ ಇತ್ತು. ತಲೆಸುತ್ತಿಲ್ಲ, ವಾಂತಿಯಿಲ್ಲ, ನೋವಿಲ್ಲ. ವಿಷ ಸದ್ದಿಲ್ಲದೆ ತನ್ನ ಕೆಲಸ ಮಾಡಿತ್ತು. ಕೆಲಸ ಬಿಟ್ಟ ನಂತರ, ವೀರ್ಯಾಣು ಕಡಿಮೆಯಾಗಿದ್ದ ಬಹಳ ಮಂದಿ ಚೇತರಿಸಿಕೊಂಡರು. ಆದರೆ ಪೂರ್ತಿ ಬರಿದಾಗಿದ್ದವರಲ್ಲಿ ಹಲವರಿಗೆ ವರ್ಷಗಳು ಕಳೆದರೂ ಮರಳಿ ಬರಲಿಲ್ಲ. ಕೋಸ್ಟರಿಕಾ ದೇಶದ ಬಾಳೆ ತೋಟಗಳಲ್ಲಿ ಈ ವಿಷ ಹಾಕುತ್ತಿದ್ದ ಸಾವಿರಾರು ಕೂಲಿಯಾಳುಗಳೂ ಇದೇ ಗತಿಗೆ ಒಳಗಾದರು. ಅಮೆರಿಕದಲ್ಲಿ 1979ರಲ್ಲಿ ಇದರ ಬಹುಪಾಲು ಬಳಕೆಯನ್ನು ತಡೆಹಿಡಿಯಲಾಯಿತು. ಭಾರತದಲ್ಲಿ 1989ರಲ್ಲಿ ಇದನ್ನು ನಿಷೇಧಿಸಲಾಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಎಂಡೋಸಲ್ಫಾನ್. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ವಿಮಾನದಿಂದ ವರ್ಷಗಟ್ಟಲೆ ಇದನ್ನು ಸಿಂಪಡಿಸಿದ್ದರು. ಅಲ್ಲಿನ ಒಂದು ಗ್ರಾಮದ ಗಂಡು ಮಕ್ಕಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ವರದಿಯು, ಅವರಲ್ಲಿ ಪ್ರಾಯದ ಲಕ್ಷಣಗಳು ತಡವಾಗಿ ಕಾಣಿಸಿಕೊಂಡುದನ್ನು ತಿಳಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನ್ ಬಳಕೆಗೆ ತಡೆ ಹಾಕಿತು.

ಈಗ ಬಳಕೆಯಲ್ಲಿರುವ ಪ್ರತಿಯೊಂದು ಕೀಟನಾಶಕವೂ ಬಂಜೆತನ ತರುತ್ತದೆಂದು ಹೇಳುವುದು ಸರಿಯಲ್ಲ, ಡಿ.ಬಿ.ಸಿ.ಪಿ.ಯಷ್ಟು ನೇರವಾದ ಸಾಕ್ಷ್ಯ ಬೇರೆಯವುಗಳಿಗಿಲ್ಲ. ಆದರೆ ಸಾವಯವ ರಂಜಕ ಗುಂಪಿನ ವಿಷಗಳಿಗೆ ಹೆಚ್ಚು ಒಡ್ಡಿಕೊಂಡವರಲ್ಲಿ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ ಕಡಿಮೆಯಿರುವುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಎಚ್ಚರಿಕೆಯೇ ಜಾಣತನ.

ಸಿಂಪರಣೆ ಮಾಡುವಾಗ ನೆನಪಿಡಿ

ನಾವು ಇದನ್ನು 'ಔಷಧಿ' ಎಂದೂ ಕೆಲವೆಡೆ 'ಎಣ್ಣೆ' ಎಂದೂ ಕರೆಯುತ್ತೇವೆ. ಹೆಸರು ಏನೇ ಇರಲಿ, ಅದು ವಿಷ. ವಿಷವು ಬಾಯಿ ಮೂಗುಗಳಿಗಿಂತ ಚರ್ಮದ ಮೂಲಕವೇ ಸಿಂಪಡಿಸುವವರ ಮೈಗೆ ಹೆಚ್ಚಾಗಿ ಸೇರುತ್ತದೆ. ಎಲ್ಲ ಕಡೆಯ ಚರ್ಮವೂ ಒಂದೇ ಸಮನೆ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ವಿಷವನ್ನು ಬಳಸಿ 1971ರಲ್ಲಿ ಪ್ರಕಟಿಸಿದ ಅಳತೆಯಂತೆ, ಮುಂಗೈ ಚರ್ಮಕ್ಕಿಂತ ವೃಷಣ ಚೀಲದ ಚರ್ಮ ಸುಮಾರು 12 ಪಟ್ಟು ಹೆಚ್ಚು ಹೀರುತ್ತದೆ. ಸೋರುವ ಪಂಪನ್ನು ಬೆನ್ನಿಗೇರಿಸಿ, ಸೊಂಟದಿಂದ ಕೆಳಗೆ ಚಡ್ಡಿಯೋ ಲುಂಗಿಯೋ ತೊಯ್ದಿದ್ದರೂ ಸಂಜೆಯವರೆಗೆ ಅದರಲ್ಲೇ ಕೆಲಸ ಮಾಡುವವರನ್ನು ಪ್ರತಿ ಹಂಗಾಮಿನಲ್ಲೂ ಕಾಣುತ್ತೇವೆ. ಅವರಿಗೆ ಈ ಅಂಕಿಯೊಂದೇ ಸಾಕು. ಆದುದರಿಂದ:

— ಪಂಪಿನ ವಾಷರು, ಮುಚ್ಚಳ, ಕೊಳವೆಗಳನ್ನು ಮೊದಲು ಬರೀ ನೀರು ತುಂಬಿ ಪರೀಕ್ಷಿಸಿರಿ. ಸೋರಿದರೆ ಸರಿಪಡಿಸದೆ ಬಳಸಬೇಡಿ.

— ವಿಷವನ್ನು ಬರಿಗೈಯಿಂದ ಕಲಸಬೇಡಿ. ಡಬ್ಬಿಯಲ್ಲಿರುವ ಗಟ್ಟಿ ವಿಷವೇ ಹೆಚ್ಚು ಅಪಾಯಕಾರಿ. ರಬ್ಬರ್ ಕೈಗವಸು ಹಾಕಿ, ಕೋಲಿನಿಂದ ಕಲಕಿರಿ.

— ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಬೆನ್ನಿಗೂ ಸೊಂಟಕ್ಕೂ ಪ್ಲಾಸ್ಟಿಕ್ ಹಾಳೆ, ಮುಖಕ್ಕೆ ಮುಸುಕು ಇರಲಿ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ.

— ಕಟ್ಟಿಕೊಂಡ ನಾಝಲನ್ನು ಬಾಯಿಂದ ಊದಬೇಡಿ. ನಡುವೆ ಬೀಡಿ ಸೇದುವುದು, ಎಲೆ ಅಡಿಕೆ ಹಾಕುವುದು ಬೇಡ. ಮೂತ್ರಕ್ಕೆ ಹೋಗುವ ಮೊದಲೂ ಸೋಪಿನಿಂದ ಕೈ ತೊಳೆಯಿರಿ.

— ಮೈ ಬಟ್ಟೆ ತೊಯ್ದರೆ ಕೂಡಲೇ ಬದಲಿಸಿ, ಮೈ ತೊಳೆದುಕೊಳ್ಳಿ. ಸಿಂಪರಣೆಯ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಂದಿಗೆ ಒಗೆಯಬೇಡಿ. ಒಗೆಯುವ ಹೆಂಗಸರಿಗೂ ಅದು ತಗಲುತ್ತದೆ.

— ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಿ. ಕೆಂಪು ಅತ್ಯಂತ ವಿಷಕಾರಿ. ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೂ ವಿಷವೇ.

— ಕೀಟದ ಸಂಖ್ಯೆ ನಷ್ಟದ ಮಟ್ಟ ಮುಟ್ಟಿದಾಗ ಮಾತ್ರ ಸಿಂಪಡಿಸಿ. ಸಿಂಪರಣೆ ಒಂದು ಕಡಿಮೆಯಾದರೆ ಹಣವೂ ಉಳಿಯಿತು, ಮೈಯೂ ಉಳಿಯಿತು.

ಪತ್ತೆ ಹಚ್ಚುವುದು ಹೇಗೆ?

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಹೆಂಡತಿಗೆ ಮಾಡುವ ಹಲವು ಪರೀಕ್ಷೆಗಳು ನೋವಿನವು, ಖರ್ಚಿನವು. ಗಂಡನ ವೀರ್ಯ ಪರೀಕ್ಷೆ ಸುಲಭ, ಅಗ್ಗ, ನೋವಿಲ್ಲದ್ದು. ಅದನ್ನು ಮೊದಲೇ ಮಾಡಿಸುವುದು ನ್ಯಾಯವೂ ಹೌದು, ಲಾಭವೂ ಹೌದು. ಹೆಂಡತಿಗೆ ವರ್ಷಗಟ್ಟಲೆ ಚಿಕಿತ್ಸೆ ಕೊಡಿಸಿ, ಕೊನೆಗೆ ದೋಷ ಗಂಡನದೆಂದು ತಿಳಿದರೆ ಕಳೆದ ವರ್ಷಗಳು ಮರಳಿ ಬಾರವು. ಹೆಂಡತಿಯ ವಯಸ್ಸು ಏರಿದಂತೆ ಗರ್ಭ ನಿಲ್ಲುವ ಸಾಧ್ಯತೆಯೂ ಇಳಿಯುತ್ತದೆ.

ವೈದ್ಯರು ಹಿಂದಿನ ಕಾಯಿಲೆ, ಶಸ್ತ್ರಚಿಕಿತ್ಸೆ, ಚಟ, ಉದ್ಯೋಗಗಳ ಬಗ್ಗೆ ಕೇಳುತ್ತಾರೆ. ಯಾವ ಕೀಟನಾಶಕಗಳನ್ನು ಎಷ್ಟು ಕಾಲದಿಂದ ಸಿಂಪಡಿಸುತ್ತಿದ್ದೀರಿ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿ ಹೇಳಿರಿ.

ವೀರ್ಯ ಪರೀಕ್ಷೆಗೆ ಮೊದಲು 2 ರಿಂದ 7 ದಿನ ಸಂಭೋಗವಿಲ್ಲದೆ ಇರಬೇಕು. ಪ್ರಯೋಗಶಾಲೆಯವರು ಕೊಟ್ಟ ಶುಭ್ರವಾದ ಡಬ್ಬಿಯಲ್ಲಿಯೇ, ಸಾಧ್ಯವಾದರೆ ಅಲ್ಲಿಯೇ, ಪೂರ್ತಿ ವೀರ್ಯವನ್ನು ಸಂಗ್ರಹಿಸಬೇಕು. ಮೊದಲ ಭಾಗದಲ್ಲಿಯೇ ವೀರ್ಯಾಣು ಹೆಚ್ಚಿರುವುದರಿಂದ ಸ್ವಲ್ಪ ಚೆಲ್ಲಿದ್ದರೆ ಮುಚ್ಚಿಡದೆ ತಿಳಿಸಿರಿ. ಸಾಮಾನ್ಯ ನಿರೋಧ್ ಬಳಸಬಾರದು. ಮನೆಯಿಂದ ತರುವುದಾದರೆ ಬಿಸಿಲಿಗೂ ತಂಪಿಗೂ ಒಡ್ಡದೆ, ಮೈಗೆ ತಗಲುವಂತೆ ಜೇಬಿನಲ್ಲಿಟ್ಟು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲುಪಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೊಟ್ಟಿರುವ ಕನಿಷ್ಠ ಮಟ್ಟಗಳು ಇವು: ವೀರ್ಯದ ಪ್ರಮಾಣ 1.4 ಮಿಲಿ, ಪ್ರತಿ ಮಿಲಿಯಲ್ಲಿ 1 ಕೋಟಿ 60 ಲಕ್ಷ ವೀರ್ಯಾಣು, ಒಟ್ಟು 3 ಕೋಟಿ 90 ಲಕ್ಷ, ಚಲಿಸುವವು ಶೇಕಡಾ 42, ಮುಂದಕ್ಕೆ ಸಾಗುವವು ಶೇಕಡಾ 30, ಸರಿಯಾದ ಆಕಾರದವು ಶೇಕಡಾ 4. ಇವು ಪಾಸು ಫೇಲಿನ ಅಂಕಗಳಲ್ಲ. ಇದಕ್ಕಿಂತ ಕಡಿಮೆಯಿದ್ದವರಿಗೂ ಮಕ್ಕಳಾಗುವುದುಂಟು. ವೀರ್ಯಾಣು ಸಂಖ್ಯೆ ವಾರದಿಂದ ವಾರಕ್ಕೆ ಏರಿಳಿಯುವುದರಿಂದ ಒಂದೇ ವರದಿಯನ್ನು ನಂಬಿ ಎದೆಗುಂದಬೇಡಿ. ಕೊರತೆ ಕಂಡುಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಬೇಕು. ಆ ಮೇಲೆ ಅಗತ್ಯಕ್ಕೆ ತಕ್ಕಂತೆ ಹಾರ್ಮೋನುಗಳ ರಕ್ತ ಪರೀಕ್ಷೆ, ವೃಷಣದ ಸ್ಕ್ಯಾನಿಂಗ್, ವರ್ಣತಂತು ಪರೀಕ್ಷೆಗಳನ್ನು ಮಾಡುತ್ತಾರೆ. ವೀರ್ಯದಲ್ಲಿ ವೀರ್ಯಾಣು ಇಲ್ಲದೆ, ಎಫ್.ಎಸ್.ಎಚ್. ಬಹಳ ಏರಿದ್ದರೆ ವೃಷಣವೇ ಸೋತಿದೆಯೆಂದೂ, ಅದು ಸಹಜವಾಗಿದ್ದು ವೃಷಣದ ಗಾತ್ರವೂ ಸರಿಯಿದ್ದರೆ ನಾಳ ಕಟ್ಟಿರಬಹುದೆಂದೂ ಅನುಮಾನಿಸುತ್ತಾರೆ.

ಚಿಕಿತ್ಸೆ

ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ಎಲ್ಲರಿಗೂ ಒಂದೇ ಮದ್ದು ಎಂಬುದು ಇಲ್ಲ.

ಕೈಗೆ ಸಿಗುವಂತಹ ವೆರಿಕೋಸೀಲ್ ಇದ್ದು, ವೀರ್ಯ ಪರೀಕ್ಷೆಯಲ್ಲಿಯೂ ಕೊರತೆ ಇದ್ದರೆ ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಆ ರಕ್ತನಾಳಗಳನ್ನು ಕಟ್ಟುತ್ತಾರೆ. ಫಲ ಕಾಣಲು 3 ರಿಂದ 6 ತಿಂಗಳು ಬೇಕು. ಸೋಂಕಿದ್ದರೆ ಜೀವಿರೋಧಕ ಔಷಧಿ ಕೊಡುತ್ತಾರೆ. ಮೇಹರೋಗವಾದರೆ ಇಬ್ಬರೂ ತೆಗೆದುಕೊಳ್ಳಬೇಕು. ಪಿಟ್ಯುಟರಿಯ ಕೊರತೆಯಿದ್ದವರಿಗೆ ಹಾರ್ಮೋನು ಚುಚ್ಚುಮದ್ದು ಒಳ್ಳೆಯ ಫಲ ನೀಡುತ್ತದೆ, ಆದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ತಾಳ್ಮೆ ಬೇಕು. ಕಟ್ಟಿದ ನಾಳವನ್ನು ಸೂಕ್ಷ್ಮ ಶಸ್ತ್ರಚಿಕಿತ್ಸೆಯಿಂದ ಮರಳಿ ಜೋಡಿಸಬಹುದು. ಸಂತಾನಹರಣ ಮಾಡಿಸಿಕೊಂಡ ಬಳಿಕ ಮಗುವನ್ನು ಕಳೆದುಕೊಂಡು ದುಃಖಿಸುವವರಿಗೆ ಇದೊಂದು ದಾರಿ. ವರ್ಷಗಳು ಕಡಿಮೆಯಾಗಿದ್ದಷ್ಟೂ ಫಲ ಹೆಚ್ಚು. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯಬೇಕಾದ ಯುವಕರು ಅದಕ್ಕೆ ಮೊದಲೇ ವೀರ್ಯವನ್ನು ಶೈತ್ಯದಲ್ಲಿ ಕಾದಿರಿಸಬಹುದು.

ಇವು ಸಾಲದಾದಾಗ ಪ್ರಯೋಗಶಾಲೆಯ ನೆರವು ಬೇಕಾಗುತ್ತದೆ. ಸ್ವಲ್ಪ ಕೊರತೆಯಿದ್ದರೆ ಗಂಡನ ವೀರ್ಯವನ್ನೇ ತೊಳೆದು, ಚುರುಕಾದ ವೀರ್ಯಾಣುಗಳನ್ನು ಆರಿಸಿ ಗರ್ಭಕೋಶಕ್ಕೆ ಸೇರಿಸುತ್ತಾರೆ. ಪ್ರನಾಳ ಶಿಶುವಿನ ವಿಧಾನದಿಂದ 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಮಗು ಹುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಜನಿಸಿತು. ಗಂಡಸರ ಬಂಜೆತನಕ್ಕೆ ದೊಡ್ಡ ತಿರುವು ಸಿಕ್ಕಿದ್ದು 1992ರಲ್ಲಿ. ಒಂದೇ ಒಂದು ವೀರ್ಯಾಣುವನ್ನು ಸೂಕ್ಷ್ಮ ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸಿ ಗರ್ಭಧಾರಣೆ ಮಾಡಿಸಿದ ಯಶಸ್ಸನ್ನು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ವೈದ್ಯರು ಪ್ರಕಟಿಸಿದರು. ಇಕ್ಸಿ ಎಂಬ ಈ ವಿಧಾನದಿಂದ, ವೀರ್ಯದಲ್ಲಿ ವೀರ್ಯಾಣು ಕಾಣದವರಿಗೂ ವೃಷಣದಿಂದಲೇ ತೆಗೆದು ಪ್ರಯತ್ನಿಸಬಹುದಾಗಿದೆ. ವಂಶವಾಹಿ ದೋಷವಿದ್ದರೆ ಅದು ಮಗನಿಗೂ ಹೋಗಬಹುದಾದ್ದರಿಂದ ಮೊದಲೇ ಸಲಹೆ ಪಡೆಯಿರಿ.

ಈ ವಿಧಾನಗಳು ದುಬಾರಿ. ಪ್ರತಿ ಪ್ರಯತ್ನವೂ ಫಲಿಸುವುದಿಲ್ಲ. ಜಮೀನು ಅಡವಿಡುವ ಮೊದಲು ಸರಳ ಚಿಕಿತ್ಸೆಯಿಂದ ಗುಣವಾಗುವ ಕಾರಣವೇನಾದರೂ ಉಂಟೇ ಎಂದು ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿರಿ. 2021ರ ಕಾನೂನಿನಂತೆ ಇಂತಹ ಚಿಕಿತ್ಸಾಲಯಗಳು ನೋಂದಣಿ ಮಾಡಿಸಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡುವ ಹಕ್ಕು ನಿಮ್ಮದು. ದಾನಿಯ ವೀರ್ಯ ಬೇಕಾದರೆ ನೋಂದಾಯಿತ ಬ್ಯಾಂಕಿನಿಂದಲೇ, ಇಬ್ಬರ ಲಿಖಿತ ಒಪ್ಪಿಗೆಯಿಂದಲೇ ಪಡೆಯಬೇಕು. ಹಾಗೆ ಹುಟ್ಟಿದ ಮಗು ಕಾನೂನಿನ ಪ್ರಕಾರ ಆ ದಂಪತಿಗಳದೇ ಮಗು. ದತ್ತು ಸ್ವೀಕಾರವೂ ಗೌರವದ ಹಾದಿ.

ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಖಚಿತ ಸಂತಾನ' ಎಂದು ಬರೆಸುವವರ ಪುಡಿ, ಲೇಹ್ಯಗಳಿಗೆ ಮರುಳಾಗಬೇಡಿ. ಪರೀಕ್ಷೆ ಮಾಡದೆ ಮದ್ದು ಕೊಡುವವರು ಮಣ್ಣು ನೋಡದೆ ಗೊಬ್ಬರ ಹೇಳುವವರಂತೆ.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ತವರಿಗೆ ಕಳುಹಿಸುವ, ಮಗನಿಗೆ ಇನ್ನೊಂದು ಮದುವೆಯ ಮಾತೆತ್ತುವ ಮೊದಲು ಮಗನ ವೀರ್ಯ ಪರೀಕ್ಷೆ ಆಗಿದೆಯೇ ಎಂದು ಕೇಳಿರಿ. ಮೊದಲ ಹೆಂಡತಿ ಇರುವಾಗ ಎರಡನೆಯ ಮದುವೆ ಹಿಂದೂ ವಿವಾಹ ಕಾನೂನಿನಂತೆ ಅಪರಾಧ. ದೋಷ ಮಗನದಾಗಿದ್ದರೆ ಎರಡನೆಯ ಹೆಣ್ಣುಮಗಳ ಬಾಳೂ ಹಾಳಾಗುತ್ತದೆ. ಪರೀಕ್ಷೆಗೆ ಬೇಕಾಗುವುದು ಪಟ್ಟಣಕ್ಕೆ ಹೋಗಿ ಬರುವ ಒಂದು ದಿನ. ಮುಂದಿನ ವಾರ ಸಂತೆಗೋ, ಗೊಬ್ಬರಕ್ಕೋ ಪಟ್ಟಣಕ್ಕೆ ಹೋಗುವಾಗ ಗಂಡ ಹೆಂಡತಿ ಜೊತೆಯಾಗಿ ಹೋಗಿ, ಮೊದಲು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಂಡು ಬನ್ನಿರಿ.